ದಂಡ, ಅಭಯ, ಆಲೋಚನೆ: ಬೆಳಗಾವಿ ಸೀಮೆಯಲ್ಲಿ ಅಪರಾಧಿಯ ಮನಸ್ಸಿನ ಚಿಕಿತ್ಸೆ

ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯನ್ನು ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದನು. ಅಲ್ಲಿ ನೆಲೆಸಿರುವವರು ನೇಮಿನಾಥ ತೀರ್ಥಂಕರರು. ವಿವಾಹದ ದಿಬ್ಬಣದಲ್ಲಿ ಹೋಗುತ್ತಿದ್ದಾಗ ದಾರಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆಕ್ರಂದನವನ್ನು ಕೇಳಿ ವಿರಕ್ತರಾದ ಜಿನರು ಅವರೇ. ಅದೇ ನಗರದ ಅಂಚಿನ ಹಿಂಡಲಗಾದಲ್ಲಿ 1923ರಲ್ಲಿ ಸ್ಥಾಪಿತವಾದ ಕೇಂದ್ರ ಕಾರಾಗೃಹವಿದೆ. ಅಲ್ಲಿ ಕೂಡಿಹಾಕಲ್ಪಟ್ಟಿರುವವರು ಮನುಷ್ಯರು. ಪ್ರಾಣಿಗಳಂತೆ ಎಲ್ಲರೂ ನಿರಪರಾಧಿಗಳಲ್ಲ. ಕೆಲವರ ಕೈಯಿಂದ ಕೊಲೆಯಾಗಿದೆ, ಕೆಲವರಿಂದ ಅಬಲೆಯರ ಬದುಕು ಹಾಳಾಗಿದೆ. ಇಂಥವರ ಎದುರು ಕುಳಿತು ಅವರ ಮನಸ್ಸಿಗೆ ಚಿಕಿತ್ಸೆ ನೀಡುವ ಮನಶ್ಶಾಸ್ತ್ರಜ್ಞನ ಕಾರ್ಯ ಧರ್ಮಸಮ್ಮತವೇ, ಅಥವಾ ನೊಂದವರಿಗೆ ಮಾಡುವ ಅನ್ಯಾಯವೇ? ಈ ಪ್ರಶ್ನೆ ಇಂದಿನದೆಂದು ತೋರಿದರೂ ಅದರ ಬೇರುಗಳು ಬೆಳಗಾವಿ ಮತ್ತು ಖಾನಾಪುರ ಸೀಮೆಯ ಚರಿತ್ರೆಯಲ್ಲಿಯೂ ಜೈನ ಗ್ರಂಥಗಳಲ್ಲಿಯೂ ಬಹು ಆಳಕ್ಕೆ ಇಳಿದಿವೆ.

ದಂಡವೆಂಬ ಔಷಧ

ಖಾನಾಪುರ ತಾಲ್ಲೂಕಿನ ಹಲಸಿಯು ಕದಂಬರ ಕಾಲದ ಪಲಾಶಿಕಾ ನಗರ. ಅಲ್ಲಿ ದೊರೆತ ತಾಮ್ರಶಾಸನಗಳನ್ನು ಜೆ. ಎಫ್. ಫ್ಲೀಟ್ ಅವರು 1877ರಲ್ಲಿ ಪ್ರಕಟಿಸಿದರು. ಮೃಗೇಶವರ್ಮನು ಸ್ವರ್ಗಸ್ಥನಾದ ತನ್ನ ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ, ಯಾಪನೀಯರಿಗೂ ನಿರ್ಗ್ರಂಥರಿಗೂ ಕೂರ್ಚಕರಿಗೂ 33 ನಿವರ್ತನ ಭೂಮಿಯನ್ನು ದಾನವಿತ್ತನು. ಮಳೆಗಾಲದ ನಾಲ್ಕು ತಿಂಗಳು ಮುನಿಗಳಿಗೆ ಆಹಾರ ನಡೆಯಬೇಕೆಂದು ರವಿವರ್ಮನು ಕಟ್ಟಳೆ ಮಾಡಿದನು. ಹೀಗೆ ಸನ್ಮಾರ್ಗದಲ್ಲಿ ನಡೆಯುವವರ ಯೋಗಕ್ಷೇಮದ ಹೊಣೆಯನ್ನು ಈ ನೆಲದ ಅರಸರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಹೊತ್ತಿದ್ದರು. ಹಾಗಾದರೆ ದಾರಿ ತಪ್ಪಿದವನ ವಿಷಯದಲ್ಲಿ ಅರಸನ ಧರ್ಮವೇನು?

ಇದಕ್ಕೆ ಉತ್ತರ ನೀಡಿದವರಲ್ಲಿ ಹತ್ತನೆಯ ಶತಮಾನದ ಸೋಮದೇವಸೂರಿಗಳು ಪ್ರಮುಖರು. ರಾಷ್ಟ್ರಕೂಟರ ಸಾಮಂತರಾಗಿದ್ದ ವೇಮುಲವಾಡದ ಚಾಲುಕ್ಯರ ಆಶ್ರಯದಲ್ಲಿ 959ರಲ್ಲಿ ಯಶಸ್ತಿಲಕ ಚಂಪುವನ್ನು ಪೂರ್ಣಗೊಳಿಸಿದ ಈ ಆಚಾರ್ಯರು ನೀತಿವಾಕ್ಯಾಮೃತದ ದಂಡನೀತಿಯ ಭಾಗದಲ್ಲಿ ದಂಡವನ್ನು ವೈದ್ಯಶಾಸ್ತ್ರಕ್ಕೆ ಹೋಲಿಸುತ್ತಾರೆ. ವೈದ್ಯವು ದೇಹದ ದೋಷವನ್ನು ಶುದ್ಧಿಗೊಳಿಸುವಂತೆ ದಂಡವು ನಡತೆಯ ದೋಷವನ್ನು ಶುದ್ಧಿಗೊಳಿಸಬೇಕೆಂಬುದು ಅವರ ಅಭಿಪ್ರಾಯ. ಈ ಹೋಲಿಕೆಯ ಪರಿಣಾಮ ದೊಡ್ಡದು. ದಂಡವು ಸೇಡಾಗಿದ್ದರೆ ಅಪರಾಧಿಗೆ ನೋವಾದೊಡನೆ ಅದರ ಕೆಲಸ ಮುಗಿಯಿತು. ಔಷಧವಾಗಿದ್ದರೆ ಅವನು ಗುಣವಾದನೇ ಎಂಬ ಪ್ರಶ್ನೆ ಕೊನೆಯವರೆಗೂ ಉಳಿಯುತ್ತದೆ. ದಂಡವೇ ಬೇಡವೆಂದು ಸೋಮದೇವರು ಎಲ್ಲಿಯೂ ಹೇಳಲಿಲ್ಲ. ಅಳತೆ ಮೀರಿದ ಔಷಧ ವಿಷವಾಗುವುದೆಂಬ ಎಚ್ಚರ ಮಾತ್ರ ಆ ಹೋಲಿಕೆಯೊಳಗೇ ಅಡಗಿದೆ.

ಅಭಯ ದೊರೆತ ಕಳ್ಳ

ಕನ್ನಡದ ಪ್ರಾಚೀನ ಗದ್ಯಕೃತಿಯಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನದೂ ಒಂದು. ಅರಸನ ಅಮೂಲ್ಯ ಹಾರವನ್ನು ಕದ್ದ ಈ ಚೋರನು ಕುಷ್ಠರೋಗಿಯ ವೇಷದಲ್ಲಿ ಅಡಗಿರುವಾಗ ಸೆರೆಸಿಕ್ಕುತ್ತಾನೆ. ಬಗೆಬಗೆಯ ಚಿತ್ರಹಿಂಸೆಗೆ ಒಳಪಡಿಸಿದರೂ ತಾನು ಕಳ್ಳನೆಂದು ಒಪ್ಪುವುದಿಲ್ಲ. ಅಭಯ ದೊರೆತ ಮೇಲೆಯೇ ನಿಜವು ಅವನ ಬಾಯಿಂದ ಹೊರಬರುತ್ತದೆ. ಮುಂದೆ ಅದೇ ಚೋರನು ದೀಕ್ಷೆ ಪಡೆದು ಉಪಸರ್ಗಗಳನ್ನು ಸಹಿಸಿ ಆರಾಧಕನಾಗುತ್ತಾನೆ. ಹಿಂಸೆಗೆ ಜಗ್ಗದ ನಾಲಗೆಯನ್ನು ಅಭಯವು ತೆರೆಯಿತೆಂಬುದು ಈ ಕಥೆಯ ತಿರುವು. ಸೆರೆಮನೆಯಲ್ಲಿ ಕೆಲಸ ಮಾಡುವ ಮನಶ್ಶಾಸ್ತ್ರಜ್ಞನು ಮೊದಲ ದಿನವೇ ಕಲಿಯುವ ಪಾಠವೂ ಇದೇ. ಭಯದಲ್ಲಿರುವವನು ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ ಮಾತನಾಡುತ್ತಾನೆ. ಭಯವಳಿದ ಮೇಲೆ ಮಾತ್ರ ತನ್ನನ್ನು ತಾನು ನೋಡಿಕೊಳ್ಳಬಲ್ಲನು.

ವಡ್ಡಾರಾಧನೆಗೆ ಮೂಲಾಧಾರವಾದ ಭಗವತೀ ಆರಾಧನೆಯು ಈ ವಿಷಯವನ್ನು ಶಾಸ್ತ್ರವಾಗಿಯೇ ವಿವೇಚಿಸುತ್ತದೆ. ಕನ್ನಡದ ದಿನಬಳಕೆಯಲ್ಲಿ ಆಲೋಚನೆ ಎಂದರೆ ವಿಚಾರ ಮಾಡುವುದು. ಜೈನ ಪರಿಭಾಷೆಯಲ್ಲಿ ಅದು ಗುರುವಿನ ಮುಂದೆ ತನ್ನ ದೋಷಗಳನ್ನು ಮರೆಮಾಚದೆ ನಿವೇದಿಸಿಕೊಳ್ಳುವುದು. ತತ್ತ್ವಾರ್ಥಸೂತ್ರವು ಹೇಳುವ ಒಂಬತ್ತು ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಇದೇ. ಆದರೆ ನಿವೇದನೆಯಲ್ಲಿಯೂ ಕಪಟ ನುಸುಳಬಹುದೆಂದು ಆಚಾರ್ಯರು ಬಲ್ಲರು. ಆದುದರಿಂದಲೇ ಆಲೋಚನೆಗೆ ಹತ್ತು ದೋಷಗಳನ್ನು ಹೇಳಿದರು. ಪ್ರಾಯಶ್ಚಿತ್ತ ಕಡಿಮೆಯಾಗಲೆಂದು ಗುರುವಿನಲ್ಲಿ ಕನಿಕರ ಹುಟ್ಟಿಸಿ ಹೇಳುವುದು ಆಕಂಪಿತ. ಬೇರೆಯವರು ಕಂಡಿರುವ ತಪ್ಪನ್ನು ಮಾತ್ರ ಒಪ್ಪಿ, ಕಾಣದುದನ್ನು ಬಚ್ಚಿಡುವುದು ದೃಷ್ಟ. ಸಣ್ಣ ತಪ್ಪುಗಳನ್ನು ಹೇಳಿ ದೊಡ್ಡದನ್ನು ಮುಚ್ಚುವುದು ಸೂಕ್ಷ್ಮ. ಸೆರೆಮನೆಯಲ್ಲಿ ಸಮಾಲೋಚನೆ ನಡೆಸಿದ ಯಾರಿಗೂ ಈ ಪಟ್ಟಿ ಹಳೆಯದೆನಿಸದು. ಪೆರೋಲ್ ದೊರೆಯಲೆಂದು ಕಣ್ಣೀರು ಹಾಕುವವನೂ, ನ್ಯಾಯಾಲಯದಲ್ಲಿ ಸಾಬೀತಾದಷ್ಟನ್ನೇ ಒಪ್ಪಿ ಮಿಕ್ಕುದನ್ನು ನುಂಗುವವನೂ ಅಲ್ಲಿ ನಿತ್ಯ ಎದುರಾಗುತ್ತಾರೆ.

ನಂದಗಡದಿಂದ ಹಿಂಡಲಗಾಕ್ಕೆ

ಕಂಪನಿ ಸರ್ಕಾರದ ಆಳ್ವಿಕೆ ಬಂದಾಗ ಈ ಸೀಮೆಯ ದಂಡನೀತಿಯ ಸ್ವರೂಪವೇ ಬೇರೆಯಾಯಿತು. ಹಲಸಿಯಿರುವ ಖಾನಾಪುರ ತಾಲ್ಲೂಕಿನಲ್ಲಿಯೇ ನಂದಗಡವೂ ಇದೆ. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಅಲ್ಲಿ ಗಲ್ಲಿಗೇರಿಸಲಾಯಿತು. ಆಳುವವರ ದಾಖಲೆಯಲ್ಲಿ ಅವನು ಅಪರಾಧಿ. ಜನರ ಹೃದಯದಲ್ಲಿ ವೀರ. ಒಂದು ಶತಮಾನದ ತರುವಾಯ, 1932ರಲ್ಲಿ, ಕವಿ ದ. ರಾ. ಬೇಂದ್ರೆಯವರು ‘ನರಬಲಿ’ ಎಂಬ ಕವಿತೆಗಾಗಿ ಹಿಂಡಲಗಾ ಸೆರೆಮನೆಯನ್ನು ಕಂಡರು. ಅಪರಾಧಿಯೆಂಬ ಹೆಸರು ಮನುಷ್ಯನ ಅಂತರಂಗದ ಪೂರ್ಣ ವಿವರಣೆಯಲ್ಲವೆಂಬುದಕ್ಕೆ ಈ ಸೀಮೆಯಲ್ಲಿ ಬೇರೆ ಸಾಕ್ಷ್ಯ ಬೇಕಿಲ್ಲ.

1894ರ ಕಾರಾಗೃಹ ಕಾಯಿದೆಯು ಮುಖ್ಯವಾಗಿ ಶಿಸ್ತು, ಕಾವಲು, ದುಡಿಮೆ ಮತ್ತು ಶಿಕ್ಷೆಗಳನ್ನು ಕುರಿತದ್ದು. 1919–20ರ ಅಖಿಲ ಭಾರತ ಕಾರಾಗೃಹ ಸಮಿತಿಯು ಬಂದಿಯ ಸುಧಾರಣೆಯೂ ಸೆರೆಮನೆಯ ಉದ್ದೇಶವಾಗಬೇಕೆಂದು ಸ್ಪಷ್ಟವಾಗಿ ಹೇಳಿತು. ಅದಾದ ಕೆಲವೇ ವರ್ಷಗಳಲ್ಲಿ ಹಿಂಡಲಗಾದ ಕಾರಾಗೃಹ ತಲೆಯೆತ್ತಿತು. ಆದರೆ ಸುಧಾರಣೆಯ ಮಾತನಾಡಿದ ಕಾಲದಲ್ಲಿ ಮನಸ್ಸನ್ನು ಅರಿಯುವ ಶಾಸ್ತ್ರಜ್ಞರು ಈ ದೇಶದಲ್ಲಿ ಬೆರಳೆಣಿಕೆಯಷ್ಟಿದ್ದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರ ವಿಭಾಗವನ್ನು ಕಟ್ಟತೊಡಗಿದುದು 1924ರಲ್ಲಿ. ಧಾರವಾಡದಲ್ಲಿ 1845ರಷ್ಟು ಹಿಂದೆಯೇ ಮಾನಸಿಕ ರೋಗಿಗಳ ಆಸ್ಪತ್ರೆ ಆರಂಭವಾಗಿತ್ತು. ಆದರೂ ಅಂದಿನ ಆ ಬಗೆಯ ಸಂಸ್ಥೆಗಳಲ್ಲಿ ಚಿಕಿತ್ಸೆಗಿಂತ ಕಾವಲೇ ಹೆಚ್ಚು. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ ಚಿಕಿತ್ಸಾ ಮನಶ್ಶಾಸ್ತ್ರದ ಶಿಕ್ಷಣ ಮೊದಲಾಯಿತು. 1974ರಲ್ಲಿ ಅದು ಅಲ್ಲಿನ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಕರ್ನಾಟಕದ ಸೆರೆಮನೆಗಳಿಗೆ ಮನಸ್ಸಿನ ವೈದ್ಯವು ಪ್ರವೇಶಿಸಿದುದು ಬಹುಮಟ್ಟಿಗೆ ಆ ಬಾಗಿಲಿನಿಂದ.

ಬಲವಂತದ ಏಕಾಂತ

ಸುಧಾರಣೆಯ ಹೆಸರಿನಲ್ಲಿಯೇ ನಡೆದ ಒಂದು ದೊಡ್ಡ ಪ್ರಮಾದವನ್ನು ಇಲ್ಲಿ ನೆನೆಯಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ 1829ರಲ್ಲಿ ತೆರೆದ ಸೆರೆಮನೆಯೊಂದರಲ್ಲಿ ಪ್ರತಿ ಬಂದಿಯನ್ನೂ ಒಬ್ಬಂಟಿಯಾಗಿ ಇರಿಸುವ ಕ್ರಮವಿತ್ತು. ಅದರ ಹಿಂದೆ ಕ್ವೇಕರ್ ಪಂಥದ ಸಜ್ಜನರ ಪ್ರೇರಣೆಯಿತ್ತು. ಅವರು ಹಿಂಸೆಯನ್ನು ದ್ವೇಷಿಸಿದವರು, ಚಾಟಿಯನ್ನೂ ಗಲ್ಲನ್ನೂ ವಿರೋಧಿಸಿದವರು. ಏಕಾಂತದಲ್ಲಿ ಮನುಷ್ಯನು ತನ್ನ ಪಾಪವನ್ನು ನೆನೆದು ಪಶ್ಚಾತ್ತಾಪಪಡುವನೆಂದು ನಂಬಿದ್ದರು. 1842ರಲ್ಲಿ ಅದನ್ನು ಕಂಡ ಲೇಖಕ ಚಾರ್ಲ್ಸ್ ಡಿಕನ್ಸ್ ಅವರು ಇದು ದೇಹದ ಹಿಂಸೆಗಿಂತ ಕ್ರೂರವೆಂದು ಬರೆದರು. ಪಶ್ಚಾತ್ತಾಪದ ಬದಲು ಮತಿಭ್ರಮಣೆ ಅನೇಕರ ಪಾಲಿಗೆ ಬಂದಿತು.

ಏಕಾಂತವನ್ನು ಸಾಧನೆಯಾಗಿ ಬಲ್ಲ ಜೈನ ಸಮಾಜಕ್ಕೆ ಇದರಲ್ಲಿ ವಿಶೇಷ ಪಾಠವಿದೆ. ಮುನಿಯ ಏಕಾಂತವು ಸ್ವಇಚ್ಛೆಯಿಂದ ವರಿಸಿದ್ದು. ಅವನ ಹಿಂದೆ ಗುರುವಿದ್ದಾನೆ, ಸಂಘವಿದೆ, ವ್ರತವಿದೆ, ಅಭ್ಯಾಸವಿದೆ. ಆಲೋಚನೆ ಮಾಡಿಕೊಳ್ಳಲು ಕೇಳುವ ಕಿವಿಯೊಂದಿದೆ. ಬೀಗ ಹಾಕಿದ ಕೋಣೆಯ ಏಕಾಂತದಲ್ಲಿ ಇವು ಯಾವುವೂ ಇಲ್ಲ. ಅಲ್ಲಿ ಕಷಾಯಗಳು ಕ್ಷೀಣಿಸುವುದಿಲ್ಲ, ಕುದಿಯುತ್ತವೆ.

ಭಾರತದ ಕಾನೂನು ಇದನ್ನು ಮೊದಲಿನಿಂದಲೂ ಅರಿತಿತ್ತು. ಬಹುಕಾಲ ಜಾರಿಯಲ್ಲಿದ್ದ ಭಾರತೀಯ ದಂಡ ಸಂಹಿತೆಯು ಒಂಟಿ ಸೆರೆಯನ್ನು ಒಮ್ಮೆಗೆ 14 ದಿನಗಳಿಗೂ ಒಟ್ಟಾರೆ ಮೂರು ತಿಂಗಳಿಗೂ ಮೀರದಂತೆ ಮಿತಗೊಳಿಸಿತ್ತು. ಮರಣದಂಡನೆಯ ತೀರ್ಪಾಯಿತೆಂಬ ಒಂದೇ ಕಾರಣಕ್ಕೆ ಬಂದಿಯನ್ನು ಒಂಟಿ ಸೆರೆಯಲ್ಲಿ ಇಡುವಂತಿಲ್ಲವೆಂದು ಸುನೀಲ್ ಬಾತ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಹೇಳಿತು. ಆದರೆ ಗ್ರಂಥದ ಮಾತು ಗೋಡೆಯೊಳಗೆ ತಲುಪಲು ತಡವಾಯಿತು. ಬೆಂಗಳೂರಿನ ನ್ಯಾಯಾಲಯವು 2006ರಲ್ಲಿ ಮರಣದಂಡನೆ ವಿಧಿಸಿದ ಬಂದಿಯೊಬ್ಬನನ್ನು ಬೆಳಗಾವಿಯ ಕಾರಾಗೃಹದಲ್ಲಿ ಕ್ಷಮಾದಾನದ ಅರ್ಜಿ ಇತ್ಯರ್ಥವಾಗುವ ಮೊದಲಿನಿಂದಲೇ, ವರ್ಷಗಳ ಕಾಲ, ಒಂಟಿಯಾಗಿ ಇರಿಸಲಾಗಿತ್ತು. ಅವನ ಅಪರಾಧ ಅತಿ ಘೋರವಾದುದು. ಆ ಬಗ್ಗೆ ನ್ಯಾಯಾಲಯಕ್ಕೆ ಸಂದೇಹವಿರಲಿಲ್ಲ. ಆದರೂ ಆ ಒಂಟಿ ಸೆರೆಗೆ ಕಾನೂನಿನ ಆಧಾರವಿರಲಿಲ್ಲವೆಂದೂ ಅದು ಅವನ ಆರೋಗ್ಯವನ್ನು ಕೆಡಿಸಿತೆಂದೂ 2022ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತು, ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಸೆರೆವಾಸವನ್ನೊಳಗೊಂಡ ಜೀವಾವಧಿ ಶಿಕ್ಷೆಗೆ ಇಳಿಸಿತು. ಇದಕ್ಕೂ ಮೊದಲು, 2014ರ ಜನವರಿ 21ರಂದು, ಹಿಂಡಲಗಾದಲ್ಲಿದ್ದವರೂ ಸೇರಿದಂತೆ 15 ಮಂದಿಯ ಮರಣದಂಡನೆಯನ್ನು ಅದೇ ನ್ಯಾಯಾಲಯವು ಜೀವಾವಧಿಗೆ ಇಳಿಸಿದಾಗ, ಮರಣದಂಡಿತರ ಮಾನಸಿಕ ಸ್ಥಿತಿಯನ್ನು ನಿಯತವಾಗಿ ಪರೀಕ್ಷಿಸಬೇಕೆಂದು ವಿಧಿಸಿತ್ತು.

ಈ ತೀರ್ಪುಗಳಲ್ಲಿ ಅಪರಾಧದ ಗುರುತ್ವ ಕಡಿಮೆಯಾಗಲಿಲ್ಲ. ದಂಡವು ತನ್ನ ಅಳತೆಯನ್ನು ಮೀರಬಾರದೆಂಬ ಸೋಮದೇವರ ನಿಲುವಿಗೆ ಆಧುನಿಕ ನ್ಯಾಯಪೀಠವು ತನ್ನದೇ ದಾರಿಯಲ್ಲಿ ಬಂದು ತಲುಪಿತು.

ಚಿಕಿತ್ಸೆಯ ಕ್ರಮ

ಸೆರೆಮನೆಯ ಮನಶ್ಶಾಸ್ತ್ರಜ್ಞನು ಮಾಡುವ ಕೆಲಸವನ್ನು ಕುರಿತು ಹೊರಗಿನವರಲ್ಲಿ ಎರಡು ತಪ್ಪು ಕಲ್ಪನೆಗಳಿವೆ. ಅವನು ಅಪರಾಧಿಯನ್ನು ಮುದ್ದಿಸುವನೆಂಬುದು ಒಂದು. ನಾಲ್ಕು ಹಿತವಚನ ಹೇಳಿ ಬರುವನೆಂಬುದು ಇನ್ನೊಂದು. ವಾಸ್ತವವಾಗಿ ಅವನ ಕೆಲಸ ಪರೀಕ್ಷೆಯಿಂದ ಮೊದಲಾಗುತ್ತದೆ. ಹೊಸದಾಗಿ ಸೆರೆಗೆ ಬಂದವನಲ್ಲಿ ಆತ್ಮಹತ್ಯೆಯ ಯೋಚನೆಯಿದೆಯೇ, ಮದ್ಯವನ್ನು ಥಟ್ಟನೆ ಬಿಟ್ಟುದರಿಂದ ನಡುಕವೂ ಭ್ರಮೆಯೂ ತೋರುತ್ತಿವೆಯೇ, ಹಳೆಯ ಮನೋರೋಗವೇನಾದರೂ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಔಷಧ ಬೇಕಾದವನನ್ನು ಮನೋವೈದ್ಯರಿಗೆ ಒಪ್ಪಿಸಬೇಕು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನಿಮ್ಹಾನ್ಸ್ ತಜ್ಞರು 5,024 ಬಂದಿಗಳನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನೂರಕ್ಕೆ 79.6 ಮಂದಿಯಲ್ಲಿ ಮನೋರೋಗವೋ ಮಾದಕ ವ್ಯಸನವೋ ಇತ್ತು. ವ್ಯಸನವನ್ನು ಬಿಟ್ಟು ಎಣಿಸಿದರೂ ನೂರಕ್ಕೆ 27.6 ಮಂದಿಗೆ ಚಿಕಿತ್ಸೆ ಬೇಕಾದ ಮಾನಸಿಕ ತೊಂದರೆಯಿತ್ತು.

ಇದರ ಮುಂದಿನದು ನಿಧಾನದ ಕೆಲಸ. ಅಪರಾಧ ನಡೆದ ಗಳಿಗೆಯನ್ನು ಬಿಡಿಸಿ ನೋಡುವುದು: ಅದರ ಹಿಂದಿನ ದಿನ ಏನಾಯಿತು, ಯಾವ ಮಾತು ಅವಮಾನವೆನಿಸಿತು, ಯಾವ ಯೋಚನೆ ಕೋಪವನ್ನು ಹೊತ್ತಿಸಿತು, ಎಲ್ಲಿ ನಿಲ್ಲಲು ಅವಕಾಶವಿತ್ತು, ಅದನ್ನು ಏಕೆ ದಾಟಿಹೋದನು. ಈ ಸರಪಳಿಯ ಒಂದೊಂದು ಕೊಂಡಿಯನ್ನೂ ಬಂದಿಯೇ ಗುರುತಿಸುವಂತಾಗಬೇಕು. ಮುಂದೆ ಅಂಥದೇ ಗಳಿಗೆ ಬಂದಾಗ ಬೇರೆ ರೀತಿಯಲ್ಲಿ ನಡೆಯುವುದನ್ನು ಮತ್ತೆಮತ್ತೆ ಅಭ್ಯಾಸ ಮಾಡಬೇಕು.

ಇಂಥ ಚಿಕಿತ್ಸೆಯಿಂದ ಪ್ರಯೋಜನವಿದೆಯೇ ಎಂಬ ವಾದ ಬಹುಕಾಲ ನಡೆಯಿತು. ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಾರ್ಟಿನ್‌ಸನ್ ಅವರು 1974ರಲ್ಲಿ ಸುಧಾರಣಾ ಕಾರ್ಯಕ್ರಮಗಳ ಫಲವನ್ನು ಪ್ರಶ್ನಿಸಿ ಬರೆದ ಲೇಖನವು ಅನೇಕ ಸರ್ಕಾರಗಳ ಮನಸ್ಸನ್ನು ತಿರುಗಿಸಿತು. 1979ರಲ್ಲಿ ಅವರೇ ತಮ್ಮ ತೀರ್ಮಾನವನ್ನು ತಿದ್ದಿಕೊಂಡರು. 1990ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರಾದ ಆಂಡ್ರೂಸ್, ಬೊಂಟಾ ಮೊದಲಾದವರು ಮೂರು ಸೂತ್ರಗಳನ್ನು ಮುಂದಿಟ್ಟರು. ಮತ್ತೆ ಅಪರಾಧ ಮಾಡುವ ಸಂಭವ ಎಷ್ಟಿದೆಯೋ ಅಷ್ಟು ತೀವ್ರವಾದ ಚಿಕಿತ್ಸೆ ಇರಬೇಕು. ಅಪರಾಧಕ್ಕೆ ಕಾರಣವಾದ ದೋಷವನ್ನೇ ಅದು ಮುಟ್ಟಬೇಕು. ಬಂದಿಯ ಗ್ರಹಣಶಕ್ತಿಗೆ ಅದು ಹೊಂದುವಂತಿರಬೇಕು.

ಜೈನ ಕರ್ಮಸಿದ್ಧಾಂತವನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಕ್ರೋಧವು ನಾಲ್ಕು ಬಗೆ: ಕಲ್ಲಿನ ಬಿರುಕಿನಂತಹುದು, ನೆಲದ ಬಿರುಕಿನಂತಹುದು, ಮರಳಿನ ಗೆರೆಯಂತಹುದು, ನೀರಿನ ಗೆರೆಯಂತಹುದು. ಎಲ್ಲ ಕೋಪಕ್ಕೂ ಒಂದೇ ಮದ್ದಿಲ್ಲವೆಂಬುದು ಆ ವಿಂಗಡಣೆಯ ತಿರುಳು. ಶಾಸ್ತ್ರದ ಗುರಿ ಕರ್ಮಕ್ಷಯ, ಮನಶ್ಶಾಸ್ತ್ರದ ಗುರಿ ಇನ್ನೊಬ್ಬರಿಗೆ ಹಾನಿಯಾಗದಂತೆ ಬದುಕುವುದು, ಎರಡನ್ನೂ ಒಂದೆನ್ನಲಾಗದು. ಆದರೆ ದೋಷವನ್ನು ಅಳೆದು ಮದ್ದು ಕೊಡಬೇಕೆಂಬಲ್ಲಿ ಅವು ಭೇಟಿಯಾಗುತ್ತವೆ.

ಕೇಳಿದವನ ಮೌನ

ಸೆರೆಮನೆಯ ಮನಶ್ಶಾಸ್ತ್ರಜ್ಞನ ಧರ್ಮಸಂಕಟವು ಇನ್ನೊಂದೆಡೆ ಇದೆ. ಹೊರಗಿನ ಚಿಕಿತ್ಸಕನಿಗೆ ರೋಗಿಯೊಬ್ಬನೇ ಒಡೆಯ. ಸೆರೆಮನೆಯಲ್ಲಿ ಅವನು ಬಂದಿಯ ಹಿತವನ್ನೂ ನೋಡಬೇಕು, ಅಧಿಕಾರಿಗಳಿಗೂ ನ್ಯಾಯಾಲಯಕ್ಕೂ ವರದಿಯನ್ನೂ ಕೊಡಬೇಕಾಗಬಹುದು. ಹೇಳಿದುದೆಲ್ಲ ಮೇಲಿನವರಿಗೆ ತಲುಪುವುದೆಂದು ತಿಳಿದರೆ ಬಂದಿ ಬಾಯಿ ಬಿಡುವುದಿಲ್ಲ. ಯಾವುದನ್ನೂ ತಿಳಿಸದಿದ್ದರೆ ನಾಳೆ ಇನ್ನೊಬ್ಬನ ಜೀವಕ್ಕೆ ಅಪಾಯ ಬರಬಹುದು.

ಭಗವತೀ ಆರಾಧನೆಯು ಆಲೋಚನೆಯನ್ನು ಕೇಳುವ ಆಚಾರ್ಯನಿಗೆ ಇರಬೇಕಾದ ಗುಣಗಳಲ್ಲಿ ಅಪರಿಸ್ರಾವಿತ್ವವನ್ನು ಎಣಿಸುತ್ತದೆ. ಕಾದ ಕಬ್ಬಿಣದ ಮೇಲೆ ಬಿದ್ದ ನೀರು ಹೊರಗೆ ಸೋರದಂತೆ, ಕೇಳಿದ ದೋಷವು ಆಚಾರ್ಯನಿಂದ ಹೊರಗೆ ಹೋಗಬಾರದು. ಹೊರಗೆ ಹೋದರೆ ನಿವೇದಿಸಿದವನು ನಾಚಿಕೆಯಿಂದ ಧರ್ಮವನ್ನೇ ತೊರೆದಾನು ಎಂಬ ಭಯ ಅದರ ಹಿಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ರೋಗಿಯ ಗೌಪ್ಯವನ್ನು ಹಕ್ಕಾಗಿ ಮನ್ನಿಸಿದೆ. ಇತರರಿಗೆ ಹಾನಿಯಾಗುವಂತಿದ್ದರೆ, ಜೀವಕ್ಕೆ ಅಪಾಯವಿದ್ದರೆ, ನ್ಯಾಯಾಲಯದ ಆದೇಶವಿದ್ದರೆ ಮಾತ್ರ ಅಗತ್ಯವಿರುವಷ್ಟನ್ನು ಹೇಳಬಹುದು. ಪ್ರಾಮಾಣಿಕ ಮನಶ್ಶಾಸ್ತ್ರಜ್ಞನು ಈ ಮಿತಿಯನ್ನು ಮೊದಲ ಭೇಟಿಯಲ್ಲಿಯೇ ಬಂದಿಗೆ ತಿಳಿಸುತ್ತಾನೆ. ಅಭಯವೆಂದರೆ ಎಲ್ಲವನ್ನೂ ಮುಚ್ಚಿಡುವ ವಾಗ್ದಾನವಲ್ಲ. ಮೋಸ ಮಾಡೆನೆಂಬ ವಾಗ್ದಾನ.

ನೊಂದವರ ಪಕ್ಷ

ಕೊಲೆಯಾದವನ ಮನೆಯವರಿಗೆ ಈ ಮಾತುಗಳೆಲ್ಲ ಕಹಿಯಾಗಿ ಕೇಳಿಸುವುದು ಸಹಜ. ಅವರ ದುಃಖವನ್ನು ಯಾರು ಆಲಿಸಿದರು? ಈ ಪ್ರಶ್ನೆಯನ್ನು ಬದಿಗೊತ್ತಿ ಆಡುವ ಕರುಣೆಯ ಮಾತು ಪೊಳ್ಳು. ಚಿಕಿತ್ಸೆಯು ಶಿಕ್ಷೆಯ ಒಂದು ದಿನವನ್ನೂ ಕಳೆಯುವುದಿಲ್ಲ. ಆಲೋಚನೆ ಮಾಡಿಕೊಂಡ ಮುನಿಗೂ ಪ್ರಾಯಶ್ಚಿತ್ತ ತಪ್ಪುವುದಿಲ್ಲ. ದೀಕ್ಷೆಯ ಕಾಲವನ್ನೇ ಕಡಿತಗೊಳಿಸುವ ಛೇದವೂ ಸಂಘದಿಂದ ದೂರವಿರಿಸುವ ಪರಿಹಾರವೂ ಆ ಒಂಬತ್ತರಲ್ಲಿಯೇ ಇವೆ. ಆದರೆ ಹೆಚ್ಚಿನ ಬಂದಿಗಳು ಒಂದಲ್ಲ ಒಂದು ದಿನ ಹೊರಗೆ ಬರುತ್ತಾರೆ. ಒಳಗೆ ಹೋದ ಕ್ರೋಧವನ್ನೇ ಹೊತ್ತು ಬಂದರೆ ಮುಂದಿನ ದುಃಖ ಇನ್ನೊಂದು ಮನೆಯದಾಗುತ್ತದೆ. ಅಪರಾಧಿಯ ಚಿಕಿತ್ಸೆಯಲ್ಲಿ ಇನ್ನೂ ನೋಯದವರ ರಕ್ಷಣೆಯೂ ಅಡಗಿದೆ. ಅದರೊಡನೆ, ಈಗಾಗಲೇ ನೊಂದ ಮನೆಯವರಿಗೂ ಅಂಥದೇ ಆಪ್ತಸಮಾಲೋಚನೆ ದೊರೆಯಬೇಕೆಂಬುದು ನ್ಯಾಯದ ಇನ್ನೊಂದು ಅರ್ಧ.

ಶ್ರಾವಕರ ಪಾಲು

ಪ್ರತಿ ರಾಜ್ಯದ ಕನಿಷ್ಠ ಒಂದು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯ ಕೇಂದ್ರವಿರಬೇಕೆಂದು 2017ರ ಕಾಯಿದೆ ವಿಧಿಸುತ್ತದೆ. ಆದರೆ 2022ರ ಅಂತ್ಯದಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಬಂದಿಗಳಿಗೆ ಮನಶ್ಶಾಸ್ತ್ರಜ್ಞರೂ ಮನೋವೈದ್ಯರೂ ಸೇರಿ ಇದ್ದವರು 25 ಮಂದಿ ಮಾತ್ರ. ಸುಮಾರು 22,900 ಮಂದಿಗೆ ಒಬ್ಬರಂತೆ. ಔಷಧವೆಂದು ಹೇಳಿದ ದಂಡಕ್ಕೆ ವೈದ್ಯರೇ ಇಲ್ಲವೆಂಬುದು ಇದರ ಅರ್ಥ.

ಹುದ್ದೆಗಳನ್ನು ತುಂಬುವುದು ಸರ್ಕಾರದ ಹೊಣೆ. ಆದರೆ ಸೆರೆಮನೆಯ ಬಾಗಿಲ ಹೊರಗಿನ ಕೆಲಸ ಸಮಾಜದ್ದು. ಬೆಳಗಾವಿಗೆ ದೂರವಲ್ಲದ ಔಂಧ್ ಸಂಸ್ಥಾನದ ಅರಸರು 1930ರ ದಶಕದ ಕೊನೆಯಲ್ಲಿ ಆಟಪಾಡಿಯ ಬಳಿ ಸ್ವತಂತ್ರಪುರವೆಂಬ ಬಯಲು ಬಂದಿವಸತಿಯನ್ನು ಸ್ಥಾಪಿಸಿದರು. ಪೋಲೆಂಡ್‌ನಿಂದ ಬಂದಿದ್ದ ಮಾರಿಸ್ ಫ್ರಿಡ್‌ಮನ್ ಅವರ ಪ್ರೇರಣೆ ಅದಕ್ಕಿತ್ತು. ಗೋಡೆಯಿಲ್ಲದ ಆ ನೆಲದಲ್ಲಿ ಕೊಲೆಗಾರರು ಉತ್ತು ಬಿತ್ತಿದರು. ಕೊಲ್ಹಾಪುರದಲ್ಲಿ ಜನಿಸಿದ ವಿ. ಶಾಂತಾರಾಮ್ ಅವರು 1957ರಲ್ಲಿ ತೆಗೆದ ‘ದೋ ಆಂಖೇಂ ಬಾರಹ್ ಹಾಥ್’ ಚಿತ್ರಕ್ಕೆ ಆ ಪ್ರಯೋಗವೇ ಪ್ರೇರಣೆ.

ಇಂದಿನ ಬಸದಿಗಳ ಟ್ರಸ್ಟುಗಳ ಮುಂದೆ ಅಷ್ಟು ದೊಡ್ಡ ಕಾರ್ಯವಿಲ್ಲ. ಶಿಕ್ಷೆ ಮುಗಿಸಿ ಬಂದವನಿಗೆ ಅಂಗಡಿಯಲ್ಲೋ ಗಿರಣಿಯಲ್ಲೋ ಒಂದು ಕೆಲಸ. ಬಂದಿಯ ಮಕ್ಕಳಿಗೆ ಶಾಲೆಯ ಶುಲ್ಕ. ನೊಂದ ಕುಟುಂಬಕ್ಕೆ ವೈದ್ಯರ ಖರ್ಚು. ಮನಶ್ಶಾಸ್ತ್ರವನ್ನು ಓದಬಯಸುವ ಸಮಾಜದ ಯುವಕ ಯುವತಿಯರಿಗೆ ವಿದ್ಯಾರ್ಥಿವೇತನ. ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳನ್ನು ಪ್ರತಿ ಪರ್ವದಲ್ಲಿಯೂ ಹೆಸರಿಸುವ ಸಮಾಜದಲ್ಲಿ ಮೊದಲ ಮೂರಕ್ಕೆ ದಾನಿಗಳ ಫಲಕಗಳಿವೆ. ನಾಲ್ಕನೆಯದಕ್ಕೆ ಫಲಕ ಬರೆಸುವವರಿಲ್ಲ. ಏಕೆಂದರೆ ಅದನ್ನು ಪಡೆದವನು ತನ್ನ ಹೆಸರನ್ನು ಹೊರಗೆ ಹೇಳಿಕೊಳ್ಳಲಾರನು, ಕೊಟ್ಟವನೂ ಹೇಳಬಾರದು. ಹಲಸಿಯ ಶಾಸನಗಳು ಮಳೆಗಾಲದ ಮುನಿಗಳಿಗೆ ಅನ್ನವಿತ್ತ ಅರಸರನ್ನು ಇಂದಿಗೂ ನೆನಪಿಸುತ್ತವೆ. ಸೆರೆಯಿಂದ ಹೊರಬಂದವನಿಗೆ ಮೊದಲ ತಿಂಗಳ ಕೂಲಿ ಕೊಟ್ಟವನ ಹೆಸರು ಯಾವ ತಾಮ್ರಪಟದಲ್ಲಿಯೂ ಸೇರದಿರಬಹುದು. ಆ ಮನೆಯಲ್ಲಿ ಮಾತ್ರ ಆ ದಿನ ಒಲೆ ಹೊತ್ತುತ್ತದೆ.